ಕಚ್ಚಾ ಹೊಲಿಗೆ

ಜನವರಿ ೯

ಮಗಳಿಗೆ,

ಕಾಗದದ ಮೊದಲ ಸಾಲಿನಲ್ಲೇ ಆಶೀರ್ವಾದ ಬರೆಯುವುದು ಪದ್ಧತಿ. ಈ ಸಲ ಅದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ನೀನು ಅದಕ್ಕೆ ಅರ್ಹಳೋ ಅಲ್ಲವೋ, ಬರೆಯುತ್ತ ಹೋದಂತೆ ನನಗೂ ತಿಳಿಯುತ್ತದೆ.

ಭಾನುವಾರ ಸಂಜೆ ಆರೂವರೆಗೆ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ಎರಡು ನಿಮಿಷಕ್ಕೆ ಮೆಸೇಜು ಬಂತು. ನಿನ್ನ ಅಣ್ಣ ಓದಿ ಹೇಳಿದ: “ಆರರ ಮೇಲೆ ಮಾತಾಡಲ್ಲ ಅಮ್ಮ, ರೆಕಾರ್ಡಿಂಗ್ ಮುಗಿಯೋವರೆಗೂ ಗಂಟಲು ಉಳಿಸ್ಕೋಬೇಕು.”

ಒಳ್ಳೆಯದು. ಹಗಲೆಲ್ಲ ಕತ್ತೆಮರಿಯಾಗಿ ಅರಚಲು ಗಂಟಲಿದೆ, ವಾರಕ್ಕೊಮ್ಮೆ ಹೆತ್ತವಳ ಜೊತೆ ಹತ್ತು ನಿಮಿಷ ಮಾತಾಡಲು ಇಲ್ಲ. ಹಗಲಿನಲ್ಲಿ ನನಗೆ ಅಂಗಡಿ, ನಿನಗೆ ಸ್ಟುಡಿಯೋ. ಆದ್ದರಿಂದ ಇನ್ನು ಮೇಲೆ ಕಾಗದ. ನಾನು ಹೈಸ್ಕೂಲು ಮುಗಿಸಿದವಳು, ಬರೆಯಲು ಬರುತ್ತದೆ. ನೀನೂ ಕೈಯಲ್ಲೇ ಬರೆ. ಬೆರಳಿನಲ್ಲಿ ಒತ್ತಿ ಕಳಿಸುವ ಮಾತು ನನಗೆ ಬೇಡ.

ಹನ್ನೊಂದು ವರ್ಷವಾಯಿತು ನೀನು ಟಿವಿಯ ಆ ಕಾರ್ಟೂನಿನಲ್ಲಿ ಕತ್ತೆಮರಿಯ ದನಿಯಾಗಿ. ಇಲ್ಲಿ ಯಾರಾದರೂ ಮಗಳೇನು ಮಾಡುತ್ತಾಳೆ ಎಂದು ಕೇಳಿದರೆ “ಆಫೀಸಿನಲ್ಲಿದ್ದಾಳೆ” ಎನ್ನುತ್ತೇನೆ. ಮತ್ತೇನು ಹೇಳಲಿ? ಚಿಕ್ಕವಳಿದ್ದಾಗ ದಿನಕ್ಕೆ ಹತ್ತು ಸಲ ನಿನ್ನನ್ನು ಕತ್ತೆ ಎಂದು ಬೈದದ್ದು ನಿಜ. ಅದನ್ನೇ ಕಸುಬು ಮಾಡಿಕೊಳ್ಳುತ್ತೀಯ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಇನ್ನೊಂದು ಮಾತು. ವರ್ಷಕ್ಕೆ ಎರಡು ಸಲ ಬರುತ್ತೀ, ಅಣ್ಣನ ಜೊತೆ ನಗುತ್ತೀ, ಅವನ ಮಗಳನ್ನು ಆಡಿಸುತ್ತೀ. ಹೊಲಿಗೆ ಕೋಣೆಗೆ ಮಾತ್ರ ಕಾಲಿಡುವುದಿಲ್ಲ. ನೀನು ಮನೆ ಬಿಟ್ಟು ಹೊರಟ ದಿನ ನಾನು ಆ ಕೋಣೆಯ ಬಾಗಿಲು ತೆಗೆಯಲಿಲ್ಲ ಎಂದು ತಾನೇ? ಅವತ್ತು ಶಾಲೆಯ ಯೂನಿಫಾರ್ಮಿನ ಆರ್ಡರ್ ಇತ್ತು. ಮಷೀನ್ ಬಿಟ್ಟು ಏಳುವ ಹಾಗಿರಲಿಲ್ಲ. ಅದನ್ನು ಇನ್ನೂ ಮನಸ್ಸಿನಲ್ಲಿ ಇಟ್ಟುಕೊಂಡಿದ್ದರೆ ಅದು ನಿನ್ನ ಸಣ್ಣತನ.

ಆಶೀರ್ವಾದವನ್ನು ಮುಂದಿನ ಕಾಗದಕ್ಕೆ ಉಳಿಸಿದ್ದೇನೆ.

ನಿನ್ನ ಅಮ್ಮ


ಜನವರಿ ೨೪

ಅಮ್ಮ,

ನಿನ್ನ ಅಕ್ಷರ ನೋಡಿ ಎಷ್ಟು ವರ್ಷವಾಗಿತ್ತು! ಬೈಗುಳವೂ ಎಷ್ಟು ದುಂಡಗೆ ಬರೆದಿದ್ದೀ.

ಆರರ ಮೇಲೆ ಯಾರ ಜೊತೆಗೂ ಮಾತಾಡುತ್ತಿಲ್ಲ. ನಿನ್ನೊಬ್ಬಳಿಗೆ ಮಾಡಿದ ಅವಮಾನವಲ್ಲ. ಕತ್ತೆಮರಿಯ ದನಿ ಎದೆಯಿಂದ ಬರುವುದಿಲ್ಲ, ಗಂಟಲಿನ ಮೇಲ್ತುದಿಯಲ್ಲಿ ಹಿಡಿದು ನಿಲ್ಲಿಸಬೇಕು. ಆರು ಗಂಟೆ ಹಾಗೆ ಹಿಡಿದರೆ ಸಂಜೆಗೆ ಬಿಸಿನೀರು ಕುಡಿದರೂ ಉರಿಯುತ್ತದೆ.

ಈ ಸಲದ್ದು ಟಿವಿಗಲ್ಲ, ಸಿನಿಮಾ. ಚಿತ್ರಮಂದಿರಕ್ಕೆ ಬರುವ ಎರಡು ಗಂಟೆಯ ಸಿನಿಮಾ. ನಾನು ಕೆಲಸ ಮಾಡುವ ಕೋಣೆ ನಿನ್ನ ಬಟ್ಟೆ ಗೋದಾಮಿಗಿಂತ ಚಿಕ್ಕದು. ಗೋಡೆಗೆಲ್ಲ ಸ್ಪಂಜು, ಫ್ಯಾನ್ ಹಾಕುವಂತಿಲ್ಲ, ಹೊಟ್ಟೆ ಗುರ್ ಎಂದರೂ ಮೈಕ್ ಹಿಡಿದುಬಿಡುತ್ತದೆ. ಗಾಜಿನ ಆಚೆ ನಿರ್ದೇಶಕರು. ಒಂದು ಮಾತು ಹೇಳಲೇ? ನೀನು ಅಂದುಕೊಂಡಂತೆ ಚಿತ್ರ ಮೊದಲು, ದನಿ ಆಮೇಲೆ ಅಲ್ಲ. ದನಿಯೇ ಮೊದಲು. ನಾನು ಮಾತಾಡುವಾಗ ನನ್ನ ಮುಖವನ್ನೂ ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಚಿತ್ರ ಬರೆಯುವವರು ಅದನ್ನು ನೋಡಿ ಕತ್ತೆಮರಿಯ ಬಾಯಿ, ಹುಬ್ಬು, ಕಿವಿ ಎಲ್ಲ ಬರೆಯುತ್ತಾರೆ. ಮೊನ್ನೆ ಒಬ್ಬ ಕೇಳಿದ, “ಅಕ್ಕಾ, ಕೋಪ ಬಂದಾಗ ಕೆಳತುಟಿ ಎಡಗಡೆಗೆ ಎಳೀತೀರಲ್ಲ, ಅದನ್ನ ಹಾಗೇ ಇಡ್ಲಾ?” ಅದು ನಿನ್ನ ತುಟಿ ಅಮ್ಮ. ಇಡು ಅಂದೆ.

ಈ ವಿಷಯ ಸದ್ಯಕ್ಕೆ ಯಾರಿಗೂ ಹೇಳಬೇಡ. ದಯವಿಟ್ಟು.

ಹೊಲಿಗೆ ಕೋಣೆಯ ಮಾತು ಎದುರು ಕೂತಾಗ ಆಡೋಣ.

ನಿನ್ನ ಮಗಳು


ಫೆಬ್ರವರಿ ೧೧

ಮಗಳಿಗೆ,

ನಿನ್ನ ಕಾಗದ ಬಂದ ದಿನವೇ ಹೇಳಿಬಿಟ್ಟೆ. ಬೈಯುವುದಾದರೆ ಬೈದುಕೋ.

ಹೇಳುವ ಉದ್ದೇಶ ನನಗಿರಲಿಲ್ಲ. ಎದುರಿನ ಔಷಧಿ ಅಂಗಡಿಯವಳು ಮಗನ ಪ್ಯಾಂಟು ಸಡಿಲ ಮಾಡಿಸಲು ಬಂದಿದ್ದಳು. ಅವನಿಗೆ ಬಡ್ತಿಯಾಯಿತು, ಅವನ ಕೈಕೆಳಗೆ ಅಷ್ಟು ಜನ ಇಷ್ಟು ಜನ ಎಂದು ಕಾಲು ಗಂಟೆ ಕೊರೆದು, “ನಿಮ್ಮ ಮಗಳು ಇನ್ನೂ ಅದೇ ಆಫೀಸಲ್ಲೇನಾ ಅಕ್ಕಾ?” ಎಂದಳು. “ಆಫೀಸಲ್ಲ. ಟಿವಿ ಕಾರ್ಟೂನಿನ ಕತ್ತೆಮರಿ ಗೊತ್ತಲ್ಲ, ಅದರ ದನಿ ನನ್ನ ಮಗಳದ್ದು. ಈಗ ಸಿನಿಮಾ ಮಾಡ್ತಿದ್ದಾಳೆ” ಎಂದೆ.

“ಅಯ್ಯೋ, ಮಗಳು ಕತ್ತೆ ಆದ್ಲಾ?”

“ಹೂಂ ಕಣಮ್ಮ. ನಿನ್ನ ಮಗ ಮನುಷ್ಯನಾಗೇ ಉಳಿದು ಏನು ಕಡಿದು ಕಟ್ಟೆ ಹಾಕಿದ? ಪ್ಯಾಂಟು ತಾನೇ ಬಿಗಿ ಮಾಡ್ಕೊಂಡಿದ್ದು?”

ಕಟಿಂಗ್ ಮಾಸ್ತರರು ಕತ್ತರಿ ಕೆಳಗಿಟ್ಟು ನಕ್ಕರು. ಇಪ್ಪತ್ತಾರು ವರ್ಷದಿಂದ ನಮ್ಮ ಅಂಗಡಿಯಲ್ಲಿ ಬಟ್ಟೆ ಕತ್ತರಿಸುತ್ತಿರುವ ಆ ಮನುಷ್ಯ ಹಲ್ಲು ಬಿಟ್ಟು ನಕ್ಕದ್ದನ್ನು ಅವತ್ತೇ ನೋಡಿದ್ದು. ಅವರು ದಿನಾ ಸಂಜೆ ನಿನ್ನ ಕಾರ್ಟೂನು ನೋಡುತ್ತಾರಂತೆ. “ಆ ಕತ್ತೆಮರಿ ಬೈಯೋದು ಥೇಟ್ ನಿಮ್ಮ ಥರಾನೇ ಅಮ್ಮಾವ್ರೇ” ಎಂದರು. ಕೆಲಸ ನೋಡಿ ಎಂದೆ.

ಮರುದಿನ ಮೊಮ್ಮಗಳ ಪಕ್ಕ ಕೂತು ನಾನೂ ನೋಡಿದೆ. ಹನ್ನೊಂದು ವರ್ಷದಲ್ಲಿ ಮೊದಲ ಸಲ. ನನ್ನ ಅಭಿಪ್ರಾಯ ಬರೆಯುತ್ತೇನೆ. ಆ ನರಿಯ ದನಿ ಮಾಡುವ ಗಂಡಸಿಗೆ ಉಚ್ಚಾರ ಸರಿಯಿಲ್ಲ. ಚಿತ್ರದಲ್ಲಿ ಕತ್ತೆಮರಿಗೆ ಹಾಕಿದ ಅಂಗಿಯ ಕಾಲರ್ ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ನೀನು ಪರವಾಗಿಲ್ಲ. “ನನಗೆ ಗೊತ್ತಿತ್ತು, ನನಗೆ ಗೊತ್ತಿತ್ತು” ಎಂದು ಎರಡೆರಡು ಸಲ ಹೇಳುವುದು ನನ್ನ ಅಭ್ಯಾಸ. ಅದನ್ನು ಕದಿಯುವ ಮುಂಚೆ ಕೇಳಬಹುದಿತ್ತು.

ಕೊನೆಯಲ್ಲಿ ಹೆಸರು ಬರುತ್ತದೆಂದು ಕನ್ನಡಕ ಒರೆಸಿ ಕೂತೆ. ಹೆಸರು ಶುರುವಾಗುತ್ತಿದ್ದಂತೆ ಸೋಪಿನ ಜಾಹೀರಾತು ಹಾಕಿಬಿಟ್ಟರು. “ದಿನಾ ಹೀಗೇ ಅಜ್ಜಿ” ಎಂದಳು ಮೊಮ್ಮಗಳು. ಹನ್ನೊಂದು ವರ್ಷ ದಿನಾ ಹೀಗೆಯೇ? ನೀನು ಒಮ್ಮೆಯೂ ಕೇಳಲಿಲ್ಲವೇ? ನಾನಾಗಿದ್ದರೆ ಆ ಸೋಪಿನವನ ಬಾಯಿಗೇ ಸೋಪು ಹಾಕುತ್ತಿದ್ದೆ.

ಸಿನಿಮಾದಲ್ಲಿ ಹಾಗಾಗುವುದಿಲ್ಲ. ಅಂಗಡಿಯ ಎಲ್ಲರನ್ನೂ ಕರೆದುಕೊಂಡು ಹೋಗುತ್ತೇನೆ.

ನಿನ್ನ ಅಮ್ಮ


ಏಪ್ರಿಲ್ ೨

ಅಮ್ಮ,

ಇಷ್ಟು ದಿನ ಬರೆಯದಿದ್ದಕ್ಕೆ ಕ್ಷಮಿಸು. ನನ್ನ ಕೆಲಸ ಮುಗಿಯಿತು.

ಕೊನೆಯ ದಿನಕ್ಕೆ ನಮ್ಮಲ್ಲಿ ಉಸಿರಿನ ದಿನ ಎನ್ನುತ್ತೇವೆ. ಮಾತಿಲ್ಲದ ಸದ್ದುಗಳನ್ನೆಲ್ಲ ಒಟ್ಟು ಮಾಡಿ ಅವತ್ತೇ ಮಾಡಿಸುತ್ತಾರೆ. ಬೀಳುವುದು, ಏದುಸಿರು, ಸೀನು, ಬಿಕ್ಕಳಿಕೆ, ನೀರಲ್ಲಿ ಮುಳುಗುವುದು, ಭಾರ ಹೊರುವಾಗಿನ ಮುಲುಗು. ಕೊನೆಗೇ ಏಕೆಂದರೆ ಅದಾದ ಮೇಲೆ ಗಂಟಲು ಬೇರೆ ಯಾವುದಕ್ಕೂ ಉಳಿಯುವುದಿಲ್ಲ. ಅವತ್ತು ನಲವತ್ತೊಂದು ಸಲ ಬಿದ್ದೆ. ನಿಂತಲ್ಲೇ.

ಎಲ್ಲಕ್ಕಿಂತ ಕೊನೆಗೆ ಅಳು. ನಿರ್ದೇಶಕರು ಹೇಳಿದ್ದು ಇಷ್ಟೇ: “ಕೊಟ್ಟಿಗೆ ಬಾಗಿಲು ಮುಚ್ಚಿದೆ. ಒಳಗೆ ಅಮ್ಮ ಇದ್ದಾಳೆ, ತೆಗೀತಿಲ್ಲ. ಮರಿ ಊರು ಬಿಟ್ಟು ಹೋಗಬೇಕು. ಮಾತಿಲ್ಲ, ಬರೀ ಅಳು.” ಎಷ್ಟು ಸಲ ಬೇಕಾದರೂ ಮಾಡೋಣ ಎಂದರು. ಒಂದೇ ಸಲಕ್ಕೆ ಆಯಿತು.

ಅಂಗಡಿಯವರನ್ನೆಲ್ಲ ಕರೆದುಕೊಂಡು ಹೋಗುವ ಯೋಚನೆ ಈಗಲೇ ಬೇಡ ಅಮ್ಮ. ಸಿನಿಮಾ ಎಂದರೆ ಕೊನೆಯವರೆಗೂ ಏನೇನೋ ಬದಲಾಗುತ್ತದೆ.

ನಿನ್ನ ಮಗಳು


ಮೇ ೧೯

ಮಗಳಿಗೆ,

ಬಸ್ ನಿಲ್ದಾಣದ ಗೋಡೆಗೆ ಪೋಸ್ಟರ್ ಹಚ್ಚಿದ್ದಾರೆ. ಆಳೆತ್ತರದ ಕತ್ತೆಮರಿ. ಅದರ ಪಕ್ಕ ಒಬ್ಬ ಸಿನಿಮಾ ನಟಿ ಕೆನ್ನೆಗೆ ಕೈಯಿಟ್ಟುಕೊಂಡು ನಗುತ್ತಿದ್ದಾಳೆ. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿದೆ, ಕತ್ತೆಮರಿಗೆ ದನಿ ಈಕೆಯದಂತೆ.

ನನ್ನ ಕನ್ನಡಕದ ತಪ್ಪೇನೋ ಎಂದು ಮಾಸ್ತರರನ್ನು ಕಳಿಸಿದೆ. ಅವರು ಹೋಗಿ ಬಂದು ನನ್ನ ಕಡೆ ನೋಡದೆ ಟೇಪು ಕೊರಳಿಗೆ ಹಾಕಿಕೊಂಡು ಕೆಲಸಕ್ಕೆ ನಿಂತರು. ಅಲ್ಲಿಗೆ ತಿಳಿಯಿತು.

ಔಷಧಿ ಅಂಗಡಿಯವಳು ಬಾಗಿಲಲ್ಲಿ ನಿಂತು, “ಅಕ್ಕಾ, ನಿಮ್ಮ ಮಗಳು ಹೆಸರು ಬದಲಾಯಿಸ್ಕೊಂಡ್ಲಾ? ಮುಖಾನೂ ಬದಲಾಯಿಸ್ದಂಗಿದೆ” ಎಂದಳು. ನಾನು ಅವಳಿಗೆ ಬೆನ್ನು ಹಾಕಿ ಸೂಜಿಗೆ ದಾರ ಪೋಣಿಸಲು ಕೂತೆ. ಗುಂಡಿಯ ಕಾಜಾ ಹೊಲಿಯುತ್ತಿದ್ದ ಹುಡುಗಿಯರು ತಲೆ ಬಗ್ಗಿಸಿದರು. ನಾನು ಹೇಳಿದ್ದು ಸುಳ್ಳು ಎಂದು ಅವರು ತಿಳಿದರೆ ತಿಳಿಯಲಿ, ಅದಲ್ಲ. ಅವರು ನನ್ನ ಮೇಲೆ ಕರುಣೆ ತೋರಿಸಿದರಲ್ಲ, ಅದನ್ನು ನುಂಗಲು ಆಗುತ್ತಿಲ್ಲ.

ನಿನಗೆ ಇದು ಯಾವಾಗ ಗೊತ್ತಾಯಿತು? ಸುತ್ತಿ ಬಳಸಿ ಬರೆಯಬೇಡ. ಒಂದೇ ಸಾಲು ಸಾಕು.

ಅಮ್ಮ


ಜೂನ್ ೩

ಅಮ್ಮ,

ಒಂದೇ ಸಾಲು: ಮೊದಲ ದಿನದಿಂದಲೂ ಗೊತ್ತಿತ್ತು.

ಇದಕ್ಕೆ ಟ್ರ್ಯಾಕ್ ದನಿ ಎನ್ನುತ್ತಾರೆ. ಚಿತ್ರ ಬರೆಯುವವರಿಗೆ ಒಂದು ದನಿ ಬೇಕಲ್ಲ, ಅದಕ್ಕೆ ನನ್ನಂಥವರು ಎಲ್ಲ ಮಾತನ್ನೂ ಆಡಿಕೊಡುತ್ತೇವೆ. ಚಿತ್ರವೆಲ್ಲ ಸಿದ್ಧವಾದ ಮೇಲೆ ಹೆಸರಿದ್ದವರು ಬಂದು, ನಮ್ಮದನ್ನು ಕಿವಿಗೆ ಹಾಕಿಕೊಂಡು ಕೇಳುತ್ತ, ಅದರ ಮೇಲೆ ತಮ್ಮದನ್ನು ಹೇಳುತ್ತಾರೆ. ಆ ನಟಿ ನಾಲ್ಕು ದಿನದಲ್ಲಿ ಮುಗಿಸಿದರು. ಕೆಟ್ಟವರಲ್ಲ. ಕಾರಿಡಾರಿನಲ್ಲಿ ಸಿಕ್ಕಿ, “ನಿಮ್ಮದನ್ನ ಕೇಳ್ಕೊಂಡು ಹೇಳೋದು ತುಂಬಾ ಸುಲಭ ಆಯ್ತು ಕಣ್ರೀ” ಎಂದರು. ಹೊಗಳಿದ್ದೇ ಇರಬೇಕು.

ಇದನ್ನು ಹೊರಗೆ ಹೇಳುವುದಿಲ್ಲ ಎಂದು ಕಂಪನಿಗೆ ಸಹಿ ಮಾಡಿಕೊಟ್ಟಿದ್ದೇನೆ. ಅದಕ್ಕೇ ಯಾರಿಗೂ ಹೇಳಬೇಡ ಎಂದು ಬರೆದದ್ದು. ನಿನಗಾದರೂ ಹೇಳಬಹುದಿತ್ತು. ಆದರೆ ಫೆಬ್ರವರಿಯಲ್ಲಿ ನಿನ್ನ ಕಾಗದ ಬಂತು. ನೀನು ನನ್ನ ಕೆಲಸದ ಬಗ್ಗೆ ಹೆಮ್ಮೆಯಿಂದ ಬರೆದ ಮೊದಲ ಕಾಗದ. ನನಗೆ ಬಾಯಿ ಬರಲಿಲ್ಲ. ನಿರ್ದೇಶಕರೂ ಒಂದು ಸಲ “ನೋಡೋಣ, ಇವರದನ್ನೇ ಇಟ್ಕೋಬಹುದೇನೋ” ಎಂದಿದ್ದರು. ಆ ‘ನೋಡೋಣ’ ಹಿಡಿದುಕೊಂಡು ನಾಲ್ಕು ತಿಂಗಳು ಬದುಕಿದೆ.

ಇನ್ನೊಂದು ವಿಷಯವನ್ನೂ ಬರೆದುಬಿಡುತ್ತೇನೆ, ಮತ್ತೆ ಮುಚ್ಚಿಟ್ಟೆ ಎನ್ನಬೇಡ. ಟಿವಿ ಕಾರ್ಟೂನು ಮುಂದುವರಿಯುತ್ತದೆ, ಅದಕ್ಕೆ ನಾನೇ ಬೇಕಂತೆ. ಒಂದು ಷರತ್ತು. ಇನ್ನು ಮೇಲೆ ಕತ್ತೆಮರಿ ಆ ನಟಿ ಮಾತಾಡಿದ ಹಾಗೆ ಮಾತಾಡಬೇಕು. ಸಿನಿಮಾ ನೋಡಿದ ಮಕ್ಕಳಿಗೆ ಅದೇ ದನಿ ಪರಿಚಯವಾಗಿರುತ್ತದಲ್ಲ ಎನ್ನುತ್ತಾರೆ. ನನ್ನನ್ನು ಅನುಕರಿಸಿದವರನ್ನು ನಾನು ಅನುಕರಿಸಬೇಕು. ಜುಲೈ ಹತ್ತರೊಳಗೆ ಉತ್ತರ ಕೊಡಬೇಕು. ಇಲ್ಲ ಎಂದರೆ ಹನ್ನೊಂದು ವರ್ಷದ ಕೆಲಸ ಹೋಯಿತು. ಹೂಂ ಎಂದರೆ ಏನು ಹೋಯಿತು ಎಂದು ಬರೆಯಲು ಬರುತ್ತಿಲ್ಲ.

ಸಿನಿಮಾ ನೋಡಬೇಡ ಅಮ್ಮ.

ನಿನ್ನ ಮಗಳು


ಜೂನ್ ೧೫

ಮಗಳಿಗೆ,

ನಿನ್ನ ಕಾಗದ ಬಂದಾಗ ನಾನು ಒಂದು ಕೋಟಿನ ಕಚ್ಚಾ ಹೊಲಿಗೆ ಬಿಚ್ಚುತ್ತಿದ್ದೆ. ಓದಿ, ಮಡಿಸಿಟ್ಟು, ಮತ್ತೆ ಬಿಚ್ಚಲು ಕೂತೆ.

ನಿನಗೆ ಗೊತ್ತಿರುವುದೇ. ಮೊದಲು ಬಿಳಿ ದಾರದಲ್ಲಿ ದೊಡ್ಡ ದೊಡ್ಡ ಹೊಲಿಗೆ ಹಾಕಿ ತೋಳು, ಭುಜ, ಕಾಲರ್ ಎಲ್ಲ ನಿಲ್ಲಿಸುತ್ತೇವೆ. ಮೈಮೇಲೆ ಇಟ್ಟು ಸರಿ ನೋಡುತ್ತೇವೆ. ಮಷೀನಿನ ಗಟ್ಟಿ ಹೊಲಿಗೆ ಬಿದ್ದ ಮೇಲೆ ಆ ದಾರವನ್ನು ಎಳೆದು ನೆಲಕ್ಕೆ ಬಿಸಾಡುತ್ತೇವೆ, ಸಂಜೆ ಗುಡಿಸಿ ಹಾಕುತ್ತೇವೆ. ನಲವತ್ತು ವರ್ಷ ನಾನೇ ಎಳೆದು ಬಿಸಾಡಿದ್ದೇನೆ. ಒಂದು ದಿನವೂ ಅದರ ಬಗ್ಗೆ ಯೋಚಿಸಿರಲಿಲ್ಲ. ಅವತ್ತು ಸಂಜೆ ನೆಲ ಗುಡಿಸಬೇಡಿ ಎಂದೆ. ಹುಡುಗಿಯರು ಮುಖ ಮುಖ ನೋಡಿಕೊಂಡರು.

ಸಿನಿಮಾ ನೋಡಬೇಡ ಎಂದು ನೀನು ಹೇಳಿದರೆ ಆಗುವುದಿಲ್ಲ. ಇಪ್ಪತ್ಮೂರು ಟಿಕೆಟ್ ಹೇಳಿಬಿಟ್ಟಿದ್ದೇನೆ. ಬರುವುದಿಲ್ಲ ಎಂದರೆ ಸೋತೆ ಎಂದಾಗುತ್ತದೆ. ನಾನು ಹೋಗುತ್ತೇನೆ, ಮುಂದಿನ ಸಾಲಿನಲ್ಲೇ ಕೂರುತ್ತೇನೆ.

ಕಂಪನಿಗೆ ಇನ್ನೂ ಏನೂ ಹೇಳಬೇಡ. ಹತ್ತನೆಯ ತಾರೀಖಿಗೆ ಮುಂಚೆ ನನ್ನ ಕಾಗದ ಬರುತ್ತದೆ.

ಅಮ್ಮ


ಜುಲೈ ೫

ಮಗಳಿಗೆ,

ನಿನ್ನೆ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆವು. ಅಂಗಡಿಗೆ ಬೀಗ ಹಾಕಿ ಎಲ್ಲರೂ. ಔಷಧಿ ಅಂಗಡಿಯವಳನ್ನೂ ಕರೆದೆ. ಬಂದಳು. ನನ್ನ ಮುಖ ನೋಡಲು ಬಂದಳೇ ಹೊರತು ಸಿನಿಮಾ ನೋಡಲು ಅಲ್ಲ.

ಆ ನಟಿಯ ಬಗ್ಗೆ ನ್ಯಾಯವಾಗಿ ಹೇಳುತ್ತೇನೆ. ಮಾತು ಸ್ಪಷ್ಟ. ಆದರೆ ಇಸ್ತ್ರಿ ಮಾಡಿದ ಹಾಗೆ ಮಾತಾಡುತ್ತಾಳೆ, ಎಲ್ಲೂ ಒಂದು ಸುಕ್ಕಿಲ್ಲ. ಕೋಪ ಬಂದಾಗ ಕತ್ತೆಮರಿಯ ಕೆಳತುಟಿ ಎಡಗಡೆಗೆ ಎಳೆಯುತ್ತದೆ, ದನಿ ಮಾತ್ರ ನೆಟ್ಟಗೇ ಇರುತ್ತದೆ. ಮೊಮ್ಮಗಳು ಹತ್ತೇ ನಿಮಿಷಕ್ಕೆ, “ಅಜ್ಜಿ, ಇದು ನಮ್ಮ ಕತ್ತೆಮರಿ ಅಲ್ಲ, ಇದಕ್ಕೆ ನೆಗಡಿ ಆಗಿದೆ” ಎಂದಳು. ಹಿಂದಿನ ಸಾಲಿನವರು ಶ್ ಎಂದರು.

ಆಮೇಲೆ ಕತ್ತೆಮರಿ ಮೆಟ್ಟಿಲ ಮೇಲಿಂದ ಬಿತ್ತು. ಬಿದ್ದಾಗ ಒಂದು ಸದ್ದು ಬಂತಲ್ಲ, ಆ ಸದ್ದು ನನಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಏಳನೇ ವಯಸ್ಸಿನಲ್ಲಿ ನೀನು ಗೋದಾಮಿನ ಏಣಿಯಿಂದ ಬಿದ್ದಾಗಿನ ಸದ್ದು. ಮಾಸ್ತರರ ಕಡೆ ತಿರುಗಿದೆ. ಅವರು ಆಗಲೇ ನನ್ನ ಕಡೆ ತಿರುಗಿದ್ದರು. ಅಲ್ಲಿಂದ ಮುಂದೆ ನಾವಿಬ್ಬರೂ ಸಿನಿಮಾ ನೋಡಲಿಲ್ಲ, ಕೇಳಿದೆವು. ಮಾತೆಲ್ಲ ಅವಳದು. ಸೀನು ನಿನ್ನದು. ಓಡುವಾಗಿನ ಏದುಸಿರು ನಿನ್ನದು. ಮೂಟೆ ಹೊತ್ತಾಗಿನ ಮುಲುಗು ನಿನ್ನದು. “ಕಚ್ಚಾ ದಾರ ಎಳೆಯೋದು ಮರೆತುಬಿಟ್ಟಿದ್ದಾರೆ ಅಮ್ಮಾವ್ರೇ” ಎಂದರು ಮಾಸ್ತರರು. ಮರೆತದ್ದಲ್ಲ, ಆ ನಟಿಯ ಗಂಟಲು ನಲವತ್ತೊಂದು ಸಲ ಬೀಳಲು ಒಪ್ಪಿರಲಿಕ್ಕಿಲ್ಲ.

ಕೊಟ್ಟಿಗೆಯ ಬಾಗಿಲು ಬಂತು.

ಅದರ ಬಗ್ಗೆ ಆಮೇಲೆ ಬರೆಯುತ್ತೇನೆ. ಮೊದಲು ಉಳಿದದ್ದು.

ಸಿನಿಮಾ ಮುಗಿದು ಹೆಸರು ಬರಲು ಶುರುವಾಯಿತು. ದೀಪ ಹಾಕಿದರು, ಜನ ಎದ್ದರು, ಪೊರಕೆಯವರು ಒಳಗೆ ಬಂದರು, ಪರದೆ ಬೆಳ್ಳಗಾಯಿತು. ನಾನು ಕೂತೇ ಇದ್ದೆ. ಮ್ಯಾನೇಜರ್ ಬಂದು, “ಮುಗೀತಲ್ಲ ಅಮ್ಮ, ಏಳಿ” ಎಂದ.

“ಎಲ್ಲಿ ಮುಗೀತು? ಹೆಸರು ಬರ್ತಾ ಇತ್ತು.”

“ಅದನ್ನ ಯಾರೂ ನೋಡಲ್ಲ ಅಮ್ಮ.”

“ನಾವು ಇಪ್ಪತ್ಮೂರು ಜನ ನೋಡ್ತೀವಿ. ಅರ್ಧ ಬಟ್ಟೆ ಹೊಲಿದು ಕೊಟ್ರೆ ನೀನು ಹಾಕ್ಕೊಂಡು ಹೋಗ್ತೀಯೇನಪ್ಪ? ದೀಪ ಆರಿಸು.”

ಅವನು ಮಾಸ್ತರರ ಮುಖ ನೋಡಿದ. ಮಾಸ್ತರರು, “ಆರಿಸ್ಬಿಡಿ ಸಾರ್, ಇವರು ಏಳಲ್ಲ” ಎಂದರು. ಆರಿಸಿದ. ಏಳು ನಿಮಿಷ ಹೆಸರು ಹರಿಯಿತು. ಎಲ್ಲರಿಗೂ ಒಂದೊಂದು ಕಡೆ ಹಂಚಿದ್ದೆ, ಎಡಗಡೆ ನೀವು, ಬಲಗಡೆ ನೀವು ಎಂದು. ಊಟ ತಂದವರ ಹೆಸರಿದೆ. ಕಾರು ಓಡಿಸಿದವರ ಹೆಸರಿದೆ. ಆ ನಟಿಗೆ ತಲೆ ಬಾಚಿದವಳ ಹೆಸರಿದೆ. ಯಾರೂ ನೋಡದ ಕೂದಲನ್ನು ಯಾಕೆ ಬಾಚಿದಳೋ. ನಿನ್ನದಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಎದ್ದು ನಿಂತು ಹೇಳಿದೆ: “ಕೇಳಿ. ಆ ಅಳು ನನ್ನ ಮಗಳದು. ಬಿದ್ದದ್ದು, ಎದ್ದದ್ದು, ಉಸಿರಾಡಿದ್ದು ಎಲ್ಲ ನನ್ನ ಮಗಳು. ಆ ನಟಿ ಬರೀ ಮಾತಾಡಿದ್ದಾಳೆ.” ಸಹಿ ಹಾಕಿದವಳು ನೀನು. ನಾನು ಯಾವ ಕಾಗದಕ್ಕೂ ಸಹಿ ಹಾಕಿಲ್ಲ. ಕಂಪನಿಯವರು ಕೇಳಿದರೆ ನನ್ನ ಅಂಗಡಿಯ ವಿಳಾಸ ಕೊಡು.

ಔಷಧಿ ಅಂಗಡಿಯವಳು ಹೊರಗೆ ಬಂದ ಮೇಲೂ ಮೂಗು ಒರೆಸಿಕೊಳ್ಳುತ್ತಿದ್ದಳು. “ಆ ಅಳು ಕೇಳಿ ನನ್ನ ಮಗನಿಗೆ ಫೋನ್ ಮಾಡ್ಬೇಕು ಅನ್ನಿಸ್ತು ಅಕ್ಕಾ” ಎಂದಳು. ನನ್ನ ಕರವಸ್ತ್ರ ಕೊಟ್ಟೆ, ತೊಳೆದು ವಾಪಸು ಕೊಡು ಎಂದೆ.

ಈಗ ಬಾಗಿಲ ವಿಷಯ.

ಮೂರು ಸಲ ಬಿಕ್ಕಿ, ನಾಲ್ಕನೆಯದನ್ನು ನುಂಗಿ, ಆಮೇಲೆ ಒಂದು ಉದ್ದ ಉಸಿರು. ಕತ್ತೆಮರಿ ಬಾಗಿಲಿಗೆ ಹಣೆ ಒತ್ತಿಕೊಂಡು ಹಾಗೆ ಅತ್ತಿತು. ಹನ್ನೊಂದು ವರ್ಷದ ಹಿಂದೆ ಹೊಲಿಗೆ ಕೋಣೆಯ ಬಾಗಿಲ ಆಚೆ ನೀನು ಅತ್ತದ್ದೂ ಹಾಗೆಯೇ. ನಾನು ಒಳಗಿದ್ದೆ. ಆರ್ಡರ್ ಇತ್ತು ಎಂದು ಜನವರಿಯಲ್ಲಿ ಬರೆದೆ. ಇರಲಿಲ್ಲ. ಹಿಂದಿನ ದಿನವೇ ಮುಗಿಸಿ ಕಳಿಸಿದ್ದೆ. ಮಷೀನಿನ ಸೂಜಿಯಲ್ಲಿ ದಾರ ಇರಲಿಲ್ಲ, ಕೆಳಗೆ ಬಟ್ಟೆ ಇರಲಿಲ್ಲ. ಸುಮ್ಮನೆ ತುಳಿಯುತ್ತಿದ್ದೆ. ಕಾಲು ನಿಧಾನವಾದಾಗಲೆಲ್ಲ ನಿನ್ನ ಅಳು ಕೇಳಿಸುತ್ತಿತ್ತು, ಮತ್ತೆ ಜೋರಾಗಿ ತುಳಿಯುತ್ತಿದ್ದೆ. ನೀನು ಹೋದದ್ದು ಯಾವಾಗ ಎಂದು ನನಗೆ ಗೊತ್ತಾಗಲಿಲ್ಲ. ಆಮೇಲೂ ಎಷ್ಟೋ ಹೊತ್ತು ತುಳಿದೆ.

ಇಷ್ಟು ಸಾಕು. ಇದನ್ನು ಇನ್ನೊಂದು ಸಲ ಬರೆಯುವುದಿಲ್ಲ, ಎದುರಿಗೆ ಕೇಳಿದರೆ ಹೇಳುವುದೂ ಇಲ್ಲ.

ಕಂಪನಿಗೆ ಹೇಳು. ಅವಳ ಹಾಗೆ ನೀನು ಮಾತಾಡುವುದಿಲ್ಲ, ನಿನ್ನ ಹಾಗೆಯೇ ಮಾತಾಡುತ್ತೀ ಎಂದು. ಮಕ್ಕಳಿಗೆ ಯಾವ ದನಿ ಪರಿಚಯ ಎಂದು ನನ್ನ ಮೊಮ್ಮಗಳನ್ನು ಕೇಳಲಿ. ಹೆಸರನ್ನು ಸೋಪಿಗಿಂತ ಮುಂಚೆ ಹಾಕಬೇಕು ಎಂದೂ ಹೇಳು. ಒಪ್ಪದಿದ್ದರೆ ಬಿಟ್ಟು ಬಾ. ಕತ್ತೆಮರಿಯ ಕೆಲಸ ಬಿಡು ಎಂದು ಹನ್ನೊಂದು ವರ್ಷ ಬಡಿದುಕೊಂಡವಳು ನಾನು. ಈಗ ಅದು ಹೋದರೆ ನನಗೇ ಹೊಟ್ಟೆ ಉರಿಯುತ್ತದೆ, ಅದನ್ನೂ ಬರೆದಿಡುತ್ತೇನೆ.

ಬರುವ ದಿನ ತಿಳಿಸು. ಮಷೀನ್ ನಿಲ್ಲಿಸಿರುತ್ತೇನೆ.

ಉಳಿಸಿಟ್ಟ ಆಶೀರ್ವಾದ ಎಲ್ಲವೂ ಇದರ ಜೊತೆಗಿದೆ.

ನಿನ್ನ ಅಮ್ಮ


ಜುಲೈ ೧೪

ಅಮ್ಮ,

ಒಂಬತ್ತನೆಯ ತಾರೀಖು ಕಂಪನಿಗೆ ಹೋಗಿ ನೀನು ಬರೆದದ್ದನ್ನೇ ಹೇಳಿದೆ, ಸೋಪಿನ ಮಾತನ್ನೂ ಸೇರಿಸಿ. “ನೋಡೋಣ” ಎಂದರು. ಆ ಮಾತಿನ ಅರ್ಥ ಈಗ ನನಗೆ ಗೊತ್ತು. ಐದು ದಿನವಾಯಿತು, ಫೋನಿಲ್ಲ. ಬೇರೆ ಯಾರನ್ನೋ ಕರೆಸಿ ದನಿ ಪರೀಕ್ಷೆ ಮಾಡುತ್ತಿದ್ದಾರೆಂದು ನರಿಯ ದನಿಯವರು ಹೇಳಿದರು. ಅವರ ಉಚ್ಚಾರ ಸರಿಯಿಲ್ಲ ಎಂದು ನೀನು ಬರೆದದ್ದನ್ನೂ ತಿಳಿಸಿದೆ. ಬೇಜಾರು ಮಾಡಿಕೊಂಡರು.

ಶನಿವಾರ ಬೆಳಿಗ್ಗೆಯ ಬಸ್ಸಿಗೆ ಬರುತ್ತೇನೆ. ನೇರ ಹೊಲಿಗೆ ಕೋಣೆಗೇ ಬರುತ್ತೇನೆ. ಮಷೀನ್ ನಿಲ್ಲಿಸುವುದು ಬೇಡ, ಬಟ್ಟೆ ಹಾಕಿ ಹೊಲಿಯುತ್ತಿರು.

ನಾನು ಆ ಕೋಣೆಯಲ್ಲೇ ಬೆಳೆದವಳು ಅಮ್ಮ. ಬಟ್ಟೆಯ ಮೇಲೆ ಓಡುವ ಮಷೀನಿಗೂ ಬರಿದೇ ಓಡುವ ಮಷೀನಿಗೂ ಸದ್ದಿನಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ನನಗೆ ತಿಳಿಯುವುದಿಲ್ಲವೇ? ಅವತ್ತೇ ತಿಳಿಯಿತು. ಅದಕ್ಕೇ ಅಷ್ಟು ಹೊತ್ತು ನಿಂತದ್ದು.

ನಿನ್ನ ಕತ್ತೆ